ಕೇಳಿಸದ ಸಣ್ಣ ತಂತಿಗಳು

ಗಿಟಾರನ್ನು ಚೀಲದಿಂದ ಹೊರತೆಗೆಯುವ ಮೊದಲೇ ಅವರು ದೂರು ಹೇಳಿ ಮುಗಿಸಿದ್ದರು. ಆರು ತಂತಿಗಳಲ್ಲಿ ನಾಲ್ಕು ಸರಿಯಾಗಿ ಕೇಳುತ್ತವೆ, ಸಣ್ಣವೆರಡು ಕೇಳುವುದಿಲ್ಲ. ಪೂರ್ತಿ ಸತ್ತಿಲ್ಲ, ಆದರೆ ಗೋಡೆಯ ಆಚೆ ಯಾರೋ ನುಡಿಸಿದ ಹಾಗಿರುತ್ತವೆ. ಗೋಡೆ ಎಂಬ ಮಾತನ್ನು ಅವರೇ ಆಡಿದರೋ, ಆಮೇಲೆ ಆದದ್ದೆಲ್ಲ ತಿಳಿದ ಮೇಲೆ ನಾನು ಅವರ ಬಾಯಿಗೆ ಹಾಕಿದೆನೋ, ಈಗ ಖಚಿತವಿಲ್ಲ. ನಾನು ದಿನವೂ ಡೈರಿ ಬರೆಯುವವಳು. ಆದರೆ ಆ ತಿಂಗಳ ಪುಟಗಳಲ್ಲಿ ಇರುವುದು ತಂತಿಗಳ ಎತ್ತರ, ಸ್ಕ್ರೂಗಳ ಸುತ್ತು. ಮಾತುಗಳಿಲ್ಲ. ಮಾತು ನೆನಪಿರುತ್ತದೆ ಎಂದುಕೊಂಡಿದ್ದೆ.

ಬಸವೇಶ್ವರನಗರದಲ್ಲಿ ಹಿಟ್ಟಿನ ಮಿಲ್ಲೊಂದರ ಮೇಲಿನ ಕೋಣೆಯಲ್ಲಿ ನಾನು ಗಿಟಾರ್ ರಿಪೇರಿ ಮಾಡುತ್ತೇನೆ. ಕೆಳಗೆ ರಾಗಿ ಬೀಸುವಾಗ ನೆಲ ಅದುರುತ್ತದೆ, ಹಾಗಾಗಿ ಸೂಕ್ಷ್ಮದ ಕೆಲಸವನ್ನೆಲ್ಲ ಮಿಲ್ಲು ನಿಂತಿರುವ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ. ಅವರು ಬಂದದ್ದೂ ಅಂಥ ಒಂದು ಮಧ್ಯಾಹ್ನ, ದಸರಾ ಮುಗಿದ ವಾರ. ಐವತ್ತು ದಾಟಿದವರು, ಹೆಗ್ಗನಹಳ್ಳಿಯಲ್ಲಿ ಮನೆ, ಯಾವುದೋ ಸೊಸೈಟಿಯಲ್ಲಿ ಗುಮಾಸ್ತರು. ಸಂಜೆಯಾದರೆ ಆರ್ಕೆಸ್ಟ್ರಾದ ಗಿಟಾರಿಸ್ಟ್. ಗಣೇಶನ ಹಬ್ಬದಿಂದ ಶುರುವಾಗುವ ಕಾರ್ಯಕ್ರಮಗಳು ರಾಜ್ಯೋತ್ಸವದ ತಿಂಗಳಲ್ಲಿ ಗಲ್ಲಿಗೊಂದರಂತೆ ಬರುತ್ತವೆ. ನವೆಂಬರಿನಲ್ಲಿ ವೇದಿಕೆ ಇಲ್ಲದ ಆರ್ಕೆಸ್ಟ್ರಾದವನು ವರ್ಷವಿಡೀ ಇಲ್ಲದವನೇ.

ಅವರ ತಂಡದ ಯಜಮಾನರು ಕೀಬೋರ್ಡ್ ನುಡಿಸುವವರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಾರಂತೆ. ಹಾಡಿನ ನಡುನಡುವೆ ಬರುವ ಗಿಟಾರಿನ ತುಣುಕುಗಳನ್ನು ಜನ ಬಾಯಿಪಾಠ ಮಾಡಿಕೊಂಡಿರುತ್ತಾರೆ, ಒಂದು ಸ್ವರ ತಪ್ಪಿದರೂ ಶಿಳ್ಳೆ ಬೇರೆ ಥರ ಬೀಳುತ್ತದೆ. ಗಣೇಶನ ಕಾರ್ಯಕ್ರಮಗಳಲ್ಲಿ ಆ ತುಣುಕುಗಳು ಚೆನ್ನಾಗಿ ಬಂದಿಲ್ಲ. ನವೆಂಬರಿನ ಮೊದಲ ಕಾರ್ಯಕ್ರಮದಲ್ಲೂ ಹೀಗೇ ಆದರೆ ಅವನ್ನೆಲ್ಲ ಕೀಬೋರ್ಡಿನಲ್ಲೇ ತೆಗೆದುಕೊಳ್ಳುತ್ತೇನೆ ಎಂದು ಮಾಸ್ಟರ್ ಹೇಳಿದ್ದರು.

"ಕೀಬೋರ್ಡಲ್ಲಿ ಎಲ್ಲಾ ಥರದ ಗಿಟಾರೂ ಇದೆಯಂತೆ ಮೇಡಂ. ನಾನೊಬ್ಬ ಇಲ್ಲ, ಅಷ್ಟೇ," ಎಂದು ಅವರು ನಕ್ಕರು. ನಗುವಾಗಲೂ ಮುಖವನ್ನು ಸ್ವಲ್ಪ ಓರೆಯಾಗಿ ಹಿಡಿದಿದ್ದರು. ಹೆಂಗಸಿನ ಮುಂದೆ ಸಂಕೋಚ ಎಂದು ನಾನು ತಿಳಿದೆ.

ಕೆಲಸ ನನಗೆ ಸುಲಭವಾಗಿ ಕಂಡಿತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತ ಅಯಸ್ಕಾಂತ, ಅದಕ್ಕೆ ಸುತ್ತಿದ ಕೂದಲೆಳೆಯಂಥ ತಾಮ್ರ. ಮೇಲೆ ಉಕ್ಕಿನ ತಂತಿ ಅದುರಿದರೆ ತಾಮ್ರದಲ್ಲಿ ಕರೆಂಟು ಹುಟ್ಟಿ ಆಂಪ್ಲಿಫೈಯರಿಗೆ ಹೋಗಿ ಸದ್ದಾಗುತ್ತದೆ. ಪ್ರತಿ ತಂತಿಯ ಕೆಳಗೂ ಒಂದೊಂದು ಸ್ಕ್ರೂ ಇರುತ್ತದೆ. ಸ್ಕ್ರೂ ಏರಿಸಿದರೆ ಆ ತಂತಿಯ ಸದ್ದು ಹೆಚ್ಚು, ಇಳಿಸಿದರೆ ಕಡಿಮೆ. ಆರೂ ಒಂದೇ ಮಟ್ಟಕ್ಕೆ ಬರುವವರೆಗೆ ಕಾಲು ಕಾಲು ಸುತ್ತು ತಿರುಗಿಸುತ್ತ ಹೋಗುವುದು. ಸಾಮಾನ್ಯವಾಗಿ ಒಂದು ಕಾಫಿ ಮುಗಿಯುವಷ್ಟು ಹೊತ್ತಿನ ಕೆಲಸ.

ಆದರೆ ಅವರ ಗಿಟಾರಿನಲ್ಲಿ ಸಣ್ಣ ತಂತಿಗಳ ಕೆಳಗಿನ ಸ್ಕ್ರೂಗಳೆರಡೂ ಆಗಲೇ ಮಿತಿಮೀರಿ ಮೇಲೆ ಬಂದಿದ್ದವು. ತಲೆಗಳ ಮೇಲೆ ಗೀರುಗಳಿದ್ದವು. ಯಾರೋ ಹಿಂದಿನ ರಿಪೇರಿಯವನ ಕೈಚಳಕ ಎಂದುಕೊಂಡು, ಲ್ಯಾಪ್‌ಟಾಪಿಗೆ ಜೋಡಿಸಿ ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದೆ. ಪರದೆಯ ಮೇಲಿನ, ಸದ್ದು ಅಳೆಯುವ ಮೀಟರು ವಿಚಿತ್ರ ಹೇಳಿತು. ಅವರು ಕೇಳುವುದಿಲ್ಲ ಎಂದ ಎರಡು ತಂತಿಗಳೇ ಉಳಿದೆಲ್ಲಕ್ಕಿಂತ ಜೋರಾಗಿದ್ದವು.

ಅಲ್ಲೇ ನಿಲ್ಲಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಭೌತಶಾಸ್ತ್ರ ಎಂ.ಎಸ್ಸಿ. ಓದಿದವಳಿಗೆ ಒಂದು ಅಳತೆ ಒಗ್ಗದಿದ್ದರೆ ಅದಕ್ಕೊಂದು ಕಾರಣ ಹೊಂದಿಸುವುದು ಕಷ್ಟವಲ್ಲ. ತೆಳು ತಂತಿ ಮೀಟಿದ ಕ್ಷಣ ಜೋರಾಗಿದ್ದು ಬೇಗ ಆರುತ್ತದೆ, ಮೀಟರು ಆ ಕ್ಷಣವನ್ನಷ್ಟೇ ಹಿಡಿಯುತ್ತದೆ, ಕಿವಿ ಇಡೀ ಸ್ವರವನ್ನು ಕೇಳುತ್ತದೆ, ಹೀಗೆ ಸಮಾಧಾನ ಮಾಡಿಕೊಂಡೆ. ಅಲ್ಲದೆ ಈ ಕೋಣೆಯಲ್ಲಿ ನಾನೇ ಮಾಡಿಕೊಂಡ ಒಂದು ನಿಯಮವಿತ್ತು: ಮೀಟರಿಗೂ ನುಡಿಸುವವರಿಗೂ ಜಗಳ ಬಂದರೆ ನುಡಿಸುವವರ ಕಿವಿಯೇ ಸರಿ. ಮೀಟರು ವೇದಿಕೆ ಹತ್ತುವುದಿಲ್ಲ.

ಎರಡೂ ತಂತಿಗಳನ್ನು ಬದಲಿಸಿದೆ. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ಮೂಳೆಪಟ್ಟಿಯ ತೋಡುಗಳನ್ನು ಉಜ್ಜಿ ಸರಿಮಾಡಿದೆ. ಸ್ಕ್ರೂ ಇನ್ನು ಏರುವಂತಿರಲಿಲ್ಲ, ಹಾಗಾಗಿ ಪಿಕಪ್ಪನ್ನೇ ಒಂದು ಕಡೆಗೆ ವಾಲಿಸಿ ಎತ್ತಿದೆ. ಅವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ನುಡಿಸಿದರು. ಅವರ ಎಡಕ್ಕೆ, ಗೋಡೆಯ ಪ್ಲಗ್ಗಿನ ಹತ್ತಿರ, ನನ್ನ ಆಂಪ್ ಇತ್ತು. "ಪರವಾಗಿಲ್ಲ ಮೇಡಂ, ಸ್ವಲ್ಪ ಬಂತು," ಎಂದರು. ನನ್ನ ಕಿವಿಗೆ ಆ ತಂತಿಗಳು ಆಗಲೇ ಸೂಜಿಯ ಹಾಗಿದ್ದವು. ಗಿಟಾರನ್ನು ಚೀಲಕ್ಕೆ ಹಾಕಿಕೊಟ್ಟೆ.

ಅದೇ ವಾರ ಅಪರಿಚಿತ ನಂಬರಿನಿಂದ ಫೋನು ಬಂತು. ಅವರ ಮಾಸ್ಟರು. ಸಿಟ್ಟಿರಲಿಲ್ಲ, ಬೇಸರವಿತ್ತು. ಪ್ರಾಕ್ಟೀಸಿಗೆ ಗಿಟಾರ್ ತಂದಿದ್ದಾರೆ, ಏನು ಮಾಡಿ ಕಳಿಸಿದ್ದೀರಿ ಎಂದು ಕೇಳಿದರು. "ಮೊದ್ಲೇ ಆ ಸಣ್ಣ ತಂತಿ ಕಿವಿ ಕುಯ್ತಿತ್ತು ಮೇಡಂ. ಈಗ ಹಾಡೋ ಹುಡುಗಿ ಮೈಕ್ ಬಿಟ್ಟು ಕಿವಿ ಮುಚ್ಕೊಂಡ್ಲು. ಅವರಿಗೆ ಹೇಳಿದ್ರೆ ನನ್ನೇ ಮೇಲೂ ಕೆಳಗೂ ನೋಡ್ತಾರೆ."

ಒಂದೇ ಗಿಟಾರಿನ ಬಗ್ಗೆ ಎರಡು ದೂರು, ಎರಡೂ ಒಂದಕ್ಕೊಂದು ಎದುರು. ನನಗೆ ಹೊಳೆದದ್ದು ಆಂಪು. ಅವರ ಆಂಪಿನಲ್ಲಿ ಏನೋ ದೋಷವಿರಬೇಕು, ನುಡಿಸುವವರ ಪಕ್ಕದಲ್ಲಿ ಒಂದು ಥರ, ಎದುರು ನಿಂತವರಿಗೆ ಇನ್ನೊಂದು ಥರ ಕೇಳುತ್ತಿರಬೇಕು. ಆಂಪಿನ ಸಮೇತ ಬನ್ನಿ ಎಂದು ಅವರಿಗೆ ಹೇಳಿದೆ.

ಆಟೋದಲ್ಲಿ ಆಂಪನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಮಿಲ್ಲಿನ ಆಂಟಿ ಕೆಳಗಿನಿಂದಲೇ, ಟಿವಿ ರಿಪೇರಿನೂ ಶುರು ಮಾಡಿದ್ರಾ ಎಂದು ಕೂಗಿ ಕೇಳಿದರು. ಆಂಪನ್ನು ಬಿಚ್ಚಿ ಒಳಗಿನ ಬೆಸುಗೆಗಳನ್ನೆಲ್ಲ ನೋಡಿದೆ, ಸ್ಪೀಕರಿನ ಕಾಗದ ಹರಿದಿದೆಯೇ ಎಂದು ದೀಪ ಹಿಡಿದು ನೋಡಿದೆ. ಏನೂ ಇರಲಿಲ್ಲ. ಕೇಬಲ್ಲು ಬದಲಿಸಿದೆ. ಕೊನೆಗೆ ಪಿಕಪ್ಪನ್ನೇ ಬಿಚ್ಚಿ, ನನ್ನ ಬಳಿ ಇದ್ದ ಹೊಸದೊಂದನ್ನು ಕೂರಿಸಿದೆ. ಹೊಸದರ ಆರೂ ಸ್ಕ್ರೂಗಳನ್ನು ಮೀಟರು ನೋಡಿಕೊಂಡೇ ಹೊಂದಿಸಿದೆ. ಲ್ಯಾಪ್‌ಟಾಪಿನಲ್ಲಿ ಆರು ಗೆರೆಗಳೂ ಒಂದೇ ಎತ್ತರಕ್ಕೆ ನಿಂತವು. ಅಷ್ಟು ಸಮನಾದ ಗಿಟಾರು ಆ ಮೇಜಿನಿಂದ ಅಪರೂಪಕ್ಕೆ ಹೊರಗೆ ಹೋಗಿರುವುದು.

ಅವರು ನುಡಿಸಿ, ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, "ಮೊದ್ಲಿಗಿಂತ ಹೋಯ್ತು ಮೇಡಂ," ಎಂದರು. ಇದ್ದದ್ದೂ ಹೋಯಿತು ಎಂಬ ಅರ್ಥದಲ್ಲಿ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಆಂಪು ಸಿಕ್ಕಿಸಿದ್ದ ಗೋಡೆಯ ಪ್ಲಗ್ಗು ಹಳೆಯದು, ಒಳಗೆ ಸಡಿಲವಾಗಿ ಬಿಸಿಯಾಗಿತ್ತು. ಸ್ವಿಚ್ಚು ಆರಿಸಿ, ಆಂಪನ್ನು ಎತ್ತಿ ಸ್ಟೂಲಿನ ಇನ್ನೊಂದು ಬದಿಗೆ ತಂದು, ಮೇಜಿನ ಪ್ಲಗ್ಗಿಗೆ ಸಿಕ್ಕಿಸಿದೆ. ಮತ್ತೆ ನುಡಿಸಿ ನೋಡಿ ಎಂದೆ. ಅವರು ಒಂದು ಹಾಡಿನ ನಡುವಿನ ತುಣುಕನ್ನು ನುಡಿಸಿದರು. ಮುಖ ಬೆಳಗಿತು.

"ಹಾಂ, ಈಗ ಬಂತು ನೋಡಿ. ಎಲ್ಲಾ ಪ್ಲಗ್ ಪಾಯಿಂಟಿಂದೇ ಆಗಿತ್ತು ಅನ್ಸುತ್ತೆ ಮೇಡಂ. ನಾವು ಸುಮ್ನೆ ಪಿಕಪ್ ಬೈತಿದ್ವಿ."

ನಾನು ಗಿಟಾರನ್ನೂ ಮುಟ್ಟಿರಲಿಲ್ಲ, ಆಂಪಿನ ಗುಂಡಿಯನ್ನೂ ಮುಟ್ಟಿರಲಿಲ್ಲ. ಪ್ಲಗ್ಗಿನಿಂದ ಹಾಗಾಗುವುದಿಲ್ಲ ಎಂದು ಗೊತ್ತಿತ್ತು. ಅವರು ಖುಷಿಯಾಗಿ ನುಡಿಸುತ್ತಲೇ ಇದ್ದರು. ನಾನು ಅವರನ್ನು ಎಬ್ಬಿಸಿ, ಸ್ಟೂಲನ್ನು ಪೂರ್ತಿ ತಿರುಗಿಸಿ, ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದೆ. ಈಗ ಆಂಪು ಮತ್ತೆ ಅವರ ಎಡಕ್ಕೆ ಬಂತು. ನುಡಿಸುತ್ತಿದ್ದ ಕೈ ನಿಧಾನವಾಯಿತು. ಅದೇ ಸ್ವರಗಳನ್ನು ದಪ್ಪ ತಂತಿಯ ಮೇಲೆ, ಕೈಯನ್ನು ಕೆಳಕ್ಕೆ ಜಾರಿಸಿ ನುಡಿಸಿ ಎಂದೆ. ದೋಷ ಪಿಕಪ್ಪಿನದಾದರೆ ತಂತಿ ಬದಲಾದ ಕೂಡಲೇ ಸ್ವರ ಎದ್ದು ಕೇಳಬೇಕು. ಅವರು ನುಡಿಸಿದರು. ಇಲ್ಲೂ ಸ್ವರ ಮೇಲಕ್ಕೆ ಹೋದಂತೆ ಹಿಂದೆ ಸರಿಯುತ್ತಿದೆ ಎಂದರು. ದೋಷ ತಂತಿಯ ಹಿಂದೆ ಹೋಗುತ್ತಿರಲಿಲ್ಲ, ಅವರ ಎಡಗಿವಿಯ ಜೊತೆ ಕೂತಿತ್ತು.

ದಪ್ಪ ತಂತಿಯ ಸದ್ದು ತಲೆಯನ್ನು ಬಳಸಿಕೊಂಡು ಆಚೆ ಕಿವಿಗೂ ಮುಟ್ಟುತ್ತದೆ. ಸಣ್ಣ ತಂತಿಯ ಮೊನಚಿಗೆ ತಲೆಯೇ ಅಡ್ಡಗೋಡೆ. ಎಡಗಿವಿ ಕೆಲಸ ಮಾಡದವನಿಗೆ ಎಡದಿಂದ ಬಂದ ಸಣ್ಣ ತಂತಿ ಗೋಡೆಯ ಆಚೆಯದೇ. ಇದನ್ನೆಲ್ಲ ನಾನು ಪರೀಕ್ಷೆಗೆ ಬರೆದಿದ್ದೆ. ಆ ಓರೆ ಮುಖ ಸಂಕೋಚದ್ದಲ್ಲ, ಬಲಗಿವಿಯನ್ನು ನನ್ನ ಕಡೆಗೆ ತರುತ್ತಿದ್ದದ್ದು ಎಂದು ತಿಳಿಯಲು ಪ್ಲಗ್ಗು ಸುಡಬೇಕಾಯಿತು.

ವೇದಿಕೆಯ ಮೇಲೆ ಎಲ್ಲಿ ನಿಲ್ಲುತ್ತೀರಿ ಎಂದು ಕೇಳಿದೆ. ಡ್ರಮ್ಮಿನ ಪಕ್ಕ, ಮೊದಲ ದಿನದಿಂದಲೂ ಅದೇ ಜಾಗ ಎಂದರು. ಡ್ರಮ್ಮು, ಆಂಪು ಯಾವ ಕೈ ಕಡೆಗೆ? ಎಡಗೈಯನ್ನು ಎತ್ತಿ ತೋರಿಸಿದರು. ಸಿಂಬಲ್ಲು, ಎಂದರೆ ಡ್ರಮ್ಮಿನವನ ದೊಡ್ಡ ಕಂಚಿನ ತಟ್ಟೆ, ಇಷ್ಟು ದೂರ ಎಂದು ಕಿವಿಯಿಂದ ಒಂದು ಮೊಳದ ಗಾಳಿಯನ್ನು ಅಳೆದರು. ಅಳೆಯುತ್ತಿದ್ದ ಕೈ ಅಲ್ಲೇ ನಿಂತಿತು. ಆ ತಟ್ಟೆಯ ಸದ್ದೇ ಕಿವಿಯನ್ನು ತಿಂದಿದೆ ಎಂದು ಹೇಳುವ ಕೆಲಸ ನನಗೆ ಹೆಚ್ಚು ಉಳಿಯಲಿಲ್ಲ.

ಕೆಳಗೆ ಮಿಲ್ಲು ಶುರುವಾಯಿತು. ಆ ಸದ್ದು ಎದ್ದ ಮೇಲೆ, ಅದರ ಮರೆಯಲ್ಲಿ ಎಂಬಂತೆ ಮಾತಾಡಿದರು. ಮನೆಯಲ್ಲಿ ಟಿವಿ ಜೋರು ಅಂತಾರೆ, ಫೋನು ಈ ಕಿವಿಗೆ ಇಟ್ಟರೆ ಕಿರಿಕಿರಿ, ವಯಸ್ಸು ಅಂದುಕೊಂಡಿದ್ದೆ ಎಂದರು.

"ಮಾಸ್ಟರಿಗೆ ಹೇಳ್ಬೇಡಿ ಮೇಡಂ. ಕೈ ಹೋದ್ರೆ ಕಾಯ್ತಾರೆ. ಕಿವಿ ಹೋಗಿದೆ ಅಂದ್ರೆ ಕಾಯಲ್ಲ."

"ಹೇಳಲ್ಲ. ನೀವು ಮೊದ್ಲು ಡಾಕ್ಟರ್ ಹತ್ರ ಹೋಗಿ ಸಾರ್."

"ನವೆಂಬರ್ ಮುಗೀಲಿ. ಈಗ ನೀವು ನನ್ಗೆ ಕೇಳೋ ಹಾಗೆ ಮಾಡ್ಕೊಡಿ, ಸಾಕು."

ನಿರ್ಧಾರ ನನ್ನ ಮೇಲೆ ಬಂದದ್ದು ಇಲ್ಲಿ. ಅವರಿಗೆ ಕೇಳುವ ಹಾಗೆ ಮಾಡಿಕೊಡುವುದು ಸುಲಭ. ಎರಡು ಸ್ಕ್ರೂ ಏರಿಸಿದರೆ ಆಯಿತು. ಆದರೆ ಅವರಿಗೆ ಸಮನಾದರೆ ಎದುರು ಕೂತ ಜನರಿಗೆ ಸೂಜಿ, ಮಾಸ್ಟರಿಗೆ ನೆಪ. ಜನರಿಗೆ ಸಮನಾಗಿಸಿದರೆ ಇವರು ತಾವು ನುಡಿಸುವ ಅರ್ಧವನ್ನು ಕೇಳದೆ ನುಡಿಸಬೇಕು. ನುಡಿಸುವವರ ಕಿವಿಯೇ ಸರಿ ಎಂಬ ನನ್ನ ನಿಯಮ ಅಲ್ಲಿಗೆ ಮುಗಿಯಿತು. ಮೀಟರಿನಲ್ಲಿ ನಿಂತ ಆ ಆರು ಗೆರೆಗಳನ್ನು ಅಲುಗಿಸುವುದಿಲ್ಲ ಎಂದು ಹೇಳಿದೆ. ನಿಮ್ಮ ಬೆರಳಿಗೆ ಗೊತ್ತಿದೆ, ಕಿವಿಯನ್ನು ಕೇಳಬೇಡಿ ಎಂದೆ. ಈಗ ಬರೆಯುವಾಗ ಆ ಮಾತು ಕ್ರೂರವಾಗಿ ಕಾಣುತ್ತದೆ. ಅಂದು ಧೈರ್ಯ ತುಂಬುವ ಮಾತು ಎಂದುಕೊಂಡಿದ್ದೆ.

ಅವರು ಷರ್ಟಿನ ಜೇಬಿಗೆ ಕೈ ಹಾಕಿದರು. ಪೆನ್ನಿನ ಪಕ್ಕದಲ್ಲಿ, ಪೆನ್ನಿನ ಹಾಗೆಯೇ ಸಿಕ್ಕಿಸಿದ್ದ ಒಂದು ಸಣ್ಣ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲೆ ಇಟ್ಟರು. ಎರಡು ಹಾಡುಗಳ ನಡುವೆ, ನಿರೂಪಕ ಜೋಕು ಹೇಳುವಾಗ, ಬಗ್ಗಿ ಆ ಸ್ಕ್ರೂಗಳನ್ನು ಏರಿಸುತ್ತ ಬಂದವರು ಅವರೇ. ಹಿಂದಿನ ರಿಪೇರಿಯವನು ಎಂಬವನೇ ಇರಲಿಲ್ಲ.

"ಇದು ನಿಮ್ಮ ಹತ್ರಾನೇ ಇರ್ಲಿ. ಜೇಬಲ್ಲಿದ್ರೆ ಕೈ ಸುಮ್ನಿರಲ್ಲ."

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೂ ಸ್ವಲ್ಪ ಮಾತಾಡಿದೆವು. ಈ ಭಾಗವನ್ನು ಎಷ್ಟು ಸಲ ನೆನೆದಿದ್ದೇನೆಂದರೆ, ನೆನೆದು ನೆನೆದೇ ಅದು ಸವೆದಿದೆ. ಡ್ರಮ್ಮಿನ ಇನ್ನೊಂದು ಬದಿಗೆ ನಿಂತರೆ ಆಂಪು ಬಲಕ್ಕೆ ಬರುತ್ತದೆ, ಎಲ್ಲ ಕೇಳುತ್ತದೆ, ಈ ಮಾತು ಬಂದದ್ದು ನಿಜ. ಅವರು ಹೇಳಿದರೆಂದು ನನ್ನ ನೆನಪು. ನಾನು ತಲೆಯಾಡಿಸಿದೆ. ಆಮೇಲೆ ನಾನು, "ಕಿವಿಗೆ ಏನಾದ್ರೂ ಇಟ್ಕೊಂಡು ನಿಂತ್ಕೊಳ್ಳಿ ಸಾರ್, ಆ ಸದ್ದು ಒಳ್ಳೇದಲ್ಲ," ಎಂದೆ. ಇದು ನನ್ನದೇ ಮಾತು, ಇದರಲ್ಲಿ ಅನುಮಾನವಿಲ್ಲ. ಕೆಳಗೆ ಮಿಲ್ಲು ಓಡುತ್ತಿತ್ತು. ಅವರು ಬಲಗಿವಿಯನ್ನು ನನ್ನ ಕಡೆ ಹಿಡಿದು ಕೇಳಿಸಿಕೊಂಡು, ಆಗಲಿ ಎಂದು ಮೆಟ್ಟಿಲಿಳಿದರು.

ನವೆಂಬರಿನ ಮೊದಲ ಕಾರ್ಯಕ್ರಮ ದೀಪಾಂಜಲಿ ನಗರದ ಒಳರಸ್ತೆಯೊಂದರಲ್ಲಿ ಇತ್ತು. ಅವರೇ ಫೋನು ಮಾಡಿ ಕರೆದರು. ನೀವು ಹೇಳಿದಂತೆಯೇ ಎಲ್ಲ ಮಾಡಿದ್ದೇನೆ, ಪ್ರಾಕ್ಟೀಸಿನಲ್ಲಿ ಮಾಸ್ಟರ್ ಒಂದು ಮಾತೂ ಆಡಲಿಲ್ಲ, ಬಂದು ನೋಡಿ ಎಂದರು. ಧ್ವನಿಯಲ್ಲಿ ಗೆಲುವಿತ್ತು. ಸಂಜೆ ಮೆಟ್ರೋ ಇಳಿದು ನಡೆದೆ. ಹಳದಿ ಕೆಂಪು ಪಟ್ಟಿಗಳನ್ನು ರಸ್ತೆಗೆ ಅಡ್ಡಲಾಗಿ ಕಟ್ಟಿದ್ದರು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಕುರ್ಚಿಗಳೆಲ್ಲ ತುಂಬಿದ್ದವು. ಜನರ ಹಿಂದೆ ನಿಂತರೆ ಕಾಣುವುದಿಲ್ಲವೆಂದು ವೇದಿಕೆಯ ಬಲಬದಿಗೆ, ಜನರೇಟರಿನ ವೈರುಗಳನ್ನು ದಾಟಿ ಹೋಗಿ ನಿಂತೆ.

ಅವರು ನಿಜವಾಗಿಯೂ ಜಾಗ ಬದಲಿಸಿದ್ದರು. ನನ್ನ ಕಡೆಯ ಅಂಚಿನಲ್ಲೇ, ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ನಿಂತಿದ್ದರು. ಎರಡನೇ ಹಾಡಿನಲ್ಲಿ ಆ ತುಣುಕು ಬಂತು. ಸಣ್ಣ ತಂತಿಗಳ ಮೇಲೆ ಏರಿ, ಅಲ್ಲೇ ಸುತ್ತಿ, ದಪ್ಪ ತಂತಿಗಳಿಗೆ ಇಳಿಯುವ ತುಣುಕು. ಎಲ್ಲಿಯೂ ಚುಚ್ಚಲಿಲ್ಲ, ಎಲ್ಲಿಯೂ ಮಂಕಾಗಲಿಲ್ಲ. ನನ್ನ ಮೇಜಿನ ಮೇಲಿನ ಆರು ಗೆರೆಗಳನ್ನು ಯಾರೋ ಗಾಳಿಗೆ ಬಿಟ್ಟ ಹಾಗಿತ್ತು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು, ಸರಿಯಾದ ಥರದ್ದು. ಮಾಸ್ಟರ್ ಕೀಬೋರ್ಡಿನಿಂದ ತಲೆ ಎತ್ತಿ ಅವರ ಕಡೆ ನೋಡಿ ಹುಬ್ಬು ಕುಣಿಸಿದರು. ಕೆಲಸ ಆಯಿತು ಎಂದುಕೊಂಡೆ. ಕೆಲವು ಕ್ಷಣ ನನಗೆ ತುಂಬ ಹಿತವಾಗಿತ್ತು. ಅದನ್ನೂ ಬರೆದಿಡಬೇಕು.

ಆಮೇಲೆ ಅವರು ತಂತಿ ಸರಿಪಡಿಸಲು ತಲೆ ತಗ್ಗಿಸಿದಾಗ ಕಂಡಿತು. ಅವರ ಎಡಗಿವಿಯಲ್ಲಿ ಹತ್ತಿ ಇತ್ತು. ದೊಡ್ಡ ಉಂಡೆ, ದೀಪಕ್ಕೆ ಬೆಳ್ಳಗೆ ಹೊಳೆಯುತ್ತಿತ್ತು. ಕಿವಿನೋವು ಬಂದವರಿಗೆ ಮನೆಯಲ್ಲಿ ಎಣ್ಣೆ ಬಿಟ್ಟು ಇಡುವ ಹಾಗೆ, ಯಾವ ಕಿವಿ ಕೆಟ್ಟಿದೆಯೋ ಆ ಕಿವಿಗೆ ಇಟ್ಟಿದ್ದರು. ಬಲಗಿವಿಗೆ ಏನೂ ಇರಲಿಲ್ಲ. ಅವರ ಬಲಕ್ಕೆ ನೆಲದಲ್ಲಿ ಆಂಪು, ಅದರ ಮೇಲೆ, ಆ ಕಿವಿಯಿಂದ ಒಂದು ಮೊಳದ ದೂರದಲ್ಲಿ, ಕಂಚಿನ ಆ ದೊಡ್ಡ ತಟ್ಟೆ.

ಯಾವ ಕಿವಿಗೆ ಎಂದು ನಾನು ಹೇಳಿದ್ದೆನೇ? ಹೇಳಿರಬೇಕು ಎಂದು ಮನಸ್ಸು ಎಷ್ಟೋ ಸಲ ಆ ಬಾಗಿಲಿಗೆ ಹೋಗಿ ಹೇಳಿಸಿ ನೋಡಿದೆ. ಪ್ರತಿ ಸಲವೂ ಮಿಲ್ಲಿನ ಸದ್ದು ಮಾತ್ರ ಕೇಳುತ್ತದೆ.

ಮೆಟ್ಟಿಲ ಹತ್ತಿರ ಹೋದೆ. ಕೊರಳಿಗೆ ಹಳದಿ ಕೆಂಪು ಶಲ್ಯ ಹಾಕಿಕೊಂಡಿದ್ದ ಸಂಘದವನೊಬ್ಬ ಕೈ ಅಡ್ಡ ಹಿಡಿದ. "ಆಂಟಿ, ಮೇಲೆ ಹತ್ತಂಗಿಲ್ಲ. ಪ್ರೋಗ್ರಾಂ ಮುಗೀಲಿ, ಫೋಟೋ ತಗೊಳ್ಳೋರಂತೆ." ಮುಂದಿನ ಹಾಡಿನ ಹೆಸರನ್ನು ನಿರೂಪಕ ಹೇಳುತ್ತಿದ್ದ. ಗಿಟಾರಿಸ್ಟ್ ನನ್ನನ್ನು ಕಂಡರು, ನಕ್ಕರು. ಕೂಗಿದರೆ ಕೇಳುವಂತಿರಲಿಲ್ಲ, ನಾನಿದ್ದದ್ದು ಅವರ ಎಡಕ್ಕೆ. ಕೈಯೆತ್ತಿ ನನ್ನ ಬಲಗಿವಿಯನ್ನು ಮುಟ್ಟಿ ತೋರಿಸಿದೆ. ಮತ್ತೆ ಮುಟ್ಟಿದೆ. ಈ ಕಿವಿ, ಈ ಕಿವಿಗೆ.

ಅವರು ನನಗೆ ಎದುರಾಗಿ ತಿರುಗಿ, ಕನ್ನಡಿಯಲ್ಲಿ ನೋಡಿದವರಂತೆ ತಮ್ಮ ಎಡಗಿವಿಯ ಹತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಇದೆ, ನೀವು ಹೇಳಿದ ಹಾಗೇ ಇಟ್ಟುಕೊಂಡಿದ್ದೇನೆ ಎಂಬಂತೆ ತಲೆಯಾಡಿಸಿ, ಹತ್ತಿಯನ್ನು ಇನ್ನೂ ಸ್ವಲ್ಪ ಒಳಕ್ಕೆ ಒತ್ತಿದರು. ಹಿಂದೆ ಡ್ರಮ್ಮಿನವನು ಕೋಲುಗಳನ್ನು ಒಂದಕ್ಕೊಂದು ತಟ್ಟಿ ನಾಲ್ಕು ಎಣಿಸಿದ. ಅವರು ಬಲಗಿವಿಯನ್ನು ಆ ಕಡೆಗೆ ವಾಲಿಸಿದರು.